ಆ ಅಂಗಿಯ ಗುಂಡಿ ಹಾಕಿದ್ದು ನಾನು

ಡೊಂಬಿವಲಿ ಪೂರ್ವ
೧೨ ಡಿಸೆಂಬರ್ ೧೯೯೬

ಥಾಣೆಯ ನೌಪಾಡಾದಲ್ಲಿ ಕುಳಿತು, ಕಾರ್ಖಾನೆಗಳಲ್ಲಿ ಗಾಯಗೊಂಡವರನ್ನು ವಿಮಾ ಕಚೇರಿಯ ಪರವಾಗಿ ಪರೀಕ್ಷಿಸುವ ‘ಸ್ವತಂತ್ರ’ ವೈದ್ಯಾಧಿಕಾರಿಗಳಿಗೆ.

ಮಾನ್ಯರೇ,

ಸರಕಾರಿ ಆಸ್ಪತ್ರೆಯವರು ಐದು ತಿಂಗಳಲ್ಲಿ ಎರಡು ಆಪರೇಷನ್ ಮಾಡಿಯೂ ಸರಿಪಡಿಸಲಾಗದ ನನ್ನ ಗಂಡನ ಬಲಗೈಯನ್ನು ನೀವು ನಾಲ್ಕೇ ನಿಮಿಷಗಳಲ್ಲಿ, ಅದೂ ಮುಟ್ಟದೆ, ಗುಣಪಡಿಸಿದ್ದೀರಿ. ನವೆಂಬರ್ ೧೮ರ ನಿಮ್ಮ ವರದಿ ಹಾಗೆ ಹೇಳುತ್ತದೆ. ಬಲಗೈ ಕೆಲಸಕ್ಕೆ ಯೋಗ್ಯ, ಹಿಂದಿನ ಕೆಲಸಕ್ಕೇ ಮರಳಬಹುದು ಎಂದು ಬರೆದು ಸಹಿ ಹಾಕಿದ್ದೀರಿ. ಆ ಸಹಿಯನ್ನು ನಂಬಿ ಕಾರ್ಖಾನೆಯವರು ನೋಟೀಸು ಕಳಿಸಿದ್ದಾರೆ. ಡಿಸೆಂಬರ್ ೨೩ರ ಸೋಮವಾರ ಬೆಳಗಿನ ಪಾಳಿಗೆ, ಕೈ ಜಜ್ಜಿದ ಅದೇ ಪ್ರೆಸ್ ಮಷೀನಿನ ಮುಂದೆ ಹಾಜರಾಗಬೇಕಂತೆ. ತಪ್ಪಿದರೆ ಕೆಲಸ ಬಿಟ್ಟಂತೆ ಎಂದು ತಿಳಿಯಲಾಗುವುದಂತೆ. ಇಷ್ಟು ದೊಡ್ಡ ಪವಾಡವನ್ನು ನಾವಿಬ್ಬರೇ ತಿಳಿದುಕೊಂಡು ಸುಮ್ಮನಿರುವುದು ನ್ಯಾಯವಲ್ಲ. ಅದಕ್ಕೇ ಈ ಪತ್ರವನ್ನು ನಿಮ್ಮ ವಿಳಾಸಕ್ಕೆ ಹಾಕದೆ ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮ್ಮ ವಿಳಾಸಕ್ಕೆ ಹಾಕಿದ ಎರಡು ಪತ್ರಗಳಿಗೆ ಉತ್ತರ ಬಂದಿಲ್ಲ ಎಂಬುದೂ ಒಂದು ಕಾರಣವೆನ್ನಿ.

ಕನ್ನಡ ನಿಮಗೆ ಬಾರದು ಎಂದು ಬಲ್ಲೆ. ನಿಮ್ಮ ಇಂಗ್ಲಿಷ್ ನನ್ನ ಗಂಡನಿಗೂ ಬಾರದು. ಆದರೂ ನೀವು ಬರೆದಿರಿ, ಅವರು ಅನುಭವಿಸುತ್ತಿದ್ದಾರೆ. ಓದಿ ಹೇಳುವವರು ನಿಮಗೆ ಸಿಗದೆ ಇರುವುದಿಲ್ಲ. ನಿಮ್ಮ ಕಚೇರಿಯ ಕೆಳಗಿರುವ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರನ್ನು ಕೇಳಿ ನೋಡಿ. ಚಹಾ ಆರುವುದರೊಳಗೆ ಓದಿ ಮುಗಿಸುತ್ತಾರೆ. ಅಷ್ಟು ಹೊತ್ತು ನೀವು ನಮಗೆ ಕೊಟ್ಟಿರಲಿಲ್ಲ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಮನೆಯ ಸೊಸೆ ನಾನು. ಗುಲ್ಬರ್ಗಾದಲ್ಲಿ ಬಿ.ಎ. ಮುಗಿಸಿ ಬಂದರೂ ಅದೊಂದು ಅಭ್ಯಾಸ ಹೋಗಿಲ್ಲ. ಆದರೆ ನಿಮ್ಮ ಎರಡು ಪುಟಗಳ ವರದಿಯಲ್ಲಿ ಅವರಿಗೆ ಹೆಸರೇ ಇಲ್ಲ. ಮೇಲಿನಿಂದ ಕೆಳಗಿನವರೆಗೂ ‘ಪರಿಹಾರ ಕೇಳಿದವನು’. ಹಾಗಾಗಿ ನಾನೇ ಬರೆಯುತ್ತೇನೆ. ಅವರ ಹೆಸರು ಹಣಮಂತ್ರಾಯ. ವಯಸ್ಸು ಇಪ್ಪತ್ತೊಂಬತ್ತು. ಎಸ್ಸೆಸ್ಸೆಲ್ಸಿ ಪಾಸು. ಆರು ವರ್ಷಗಳಿಂದ ರಬಾಳೆಯ ಒಂದು ಕಾರ್ಖಾನೆಯಲ್ಲಿ ತಗಡಿನ ಡಬ್ಬಿಗಳ ಮುಚ್ಚಳ ಒತ್ತುವ ಕೆಲಸ. ಜೂನ್ ತಿಂಗಳ ಒಂದು ಮಧ್ಯಾಹ್ನ ಆ ಮಷೀನು ಮುಚ್ಚಳದ ಜೊತೆಗೆ ಅವರ ಅಂಗೈಯನ್ನೂ ಒತ್ತಿತು. ಕೈ ಒಳಗೆ ಹೋಗದಂತೆ ತಡೆಯುವ ಜಾಲರಿಯೊಂದು ಇರಬೇಕಿತ್ತು. ಅದಿದ್ದರೆ ಕೆಲಸ ನಿಧಾನವಾಗುತ್ತದೆಂದು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ಈಗಲೂ ಅದು ಅಲ್ಲೇ ಒರಗಿದೆ ಎಂದು ಜೊತೆಯ ಕೆಲಸಗಾರರು ಹೇಳುತ್ತಾರೆ.

ಬೆರಳುಗಳು ಐದೂ ಉಳಿದವು. ಆಗ ದೇವರಿಗೆ ಕೈಮುಗಿದೆವು. ಅದೇ ನಮ್ಮ ತಪ್ಪು ಎಂದು ನಿಮ್ಮ ಕಚೇರಿಯ ಬೆಂಚಿನ ಮೇಲೆ ಗೊತ್ತಾಯಿತು. ಪಕ್ಕದಲ್ಲಿ ಕುಳಿತಿದ್ದ, ಎರಡು ಬೆರಳು ಕಳೆದುಕೊಂಡಿದ್ದ ಬಿಜಾಪುರ ಕಡೆಯ ಮುದುಕರೊಬ್ಬರು ಇವರ ಕೈ ನೋಡಿ, “ಐದೂ ಅದಾವಲ್ಲೋ ತಮ್ಮಾ! ಸುಮ್ಮ ರೈಲಿನ ಟಿಕೀಟ ಹಾಳ ಮಾಡ್ಕೊಂಡಿ” ಎಂದು ನಕ್ಕರು. ಐದೂ ಇವೆ, ನಿಜ. ಹೆಬ್ಬೆರಳು ಕೆಲಸ ಮಾಡುತ್ತದೆ. ಉಳಿದ ನಾಲ್ಕು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ತೋರುಬೆರಳಿಗೂ ನಡುಬೆರಳಿಗೂ ಸ್ಪರ್ಶವೇ ಇಲ್ಲ, ನರ ಸತ್ತಿದೆ. ಇದನ್ನು ನಾನು ಹೇಳುತ್ತಿಲ್ಲ, ಆಸ್ಪತ್ರೆಯ ಕೇಸ್ ಪೇಪರ್ ಹೇಳುತ್ತದೆ. ಆ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದೆ. ನೀವು ಚೀಲವನ್ನು ಬಿಚ್ಚಲೂ ಇಲ್ಲ.

ಈಗ ನನ್ನ ತಪ್ಪಿನ ವಿಚಾರ. ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನನಗೆ ನನ್ನ ಮೇಲೂ ಇದೆ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಬೈದರೆ ನಾನೂ ನಿಮ್ಮ ವರದಿಯಂತೆಯೇ ಅರ್ಧ ಸತ್ಯದವಳಾಗುತ್ತೇನೆ.

ಪರೀಕ್ಷೆಗೆ ಬರಬೇಕೆಂಬ ನಿಮ್ಮ ಕಾಗದ ಬಂದಾಗ ಅದಕ್ಕೆ ಹೇಗೆ ತಯಾರಾಗಬೇಕು ಎಂದು ಅದರಲ್ಲಿ ಒಂದು ಸಾಲೂ ಇರಲಿಲ್ಲ. ನಮ್ಮಂಥವರ ಮನೆಗಳಿಗೆ ಗೊತ್ತಿರುವ ಪರೀಕ್ಷೆಗಳು ಎರಡೇ. ಒಂದು ಶಾಲೆಯದು, ಇನ್ನೊಂದು ಹೆಣ್ಣು ನೋಡಲು ಬರುವವರದು. ಎರಡಕ್ಕೂ ಸ್ನಾನ ಮಾಡಿ, ತಲೆ ಬಾಚಿ, ಒಗೆದ ಬಟ್ಟೆ ಉಟ್ಟು, ಕೇಳಿದ್ದಕ್ಕೆ ವಿನಯದಿಂದ ಉತ್ತರ ಕೊಡಬೇಕು. ಚೆನ್ನಾಗಿ ಕಂಡವರು ಪಾಸಾಗುತ್ತಾರೆ. ಚೆನ್ನಾಗಿ ಕಂಡವರನ್ನೇ ಹುಡುಕಿ ಫೇಲು ಮಾಡುವ ಮೂರನೆಯ ಪರೀಕ್ಷೆಯೊಂದು ಜಗತ್ತಿನಲ್ಲಿದೆ ಎಂದು ನಮಗೆ ಯಾರು ಹೇಳಬೇಕಿತ್ತು?

ನಾನು ನಿಷ್ಠೆಯಿಂದ ತಯಾರಿ ಮಾಡಿದೆ. ಹಿಂದಿನ ದಿನವೇ ಅವರ ಮದುವೆಯ ಬಿಳಿ ಅಂಗಿಯನ್ನು ಒಗೆದು ಗಂಜಿ ಹಾಕಿ, ಪಕ್ಕದ ಖೋಲಿಯ ವಸಂತಿಯಕ್ಕನ ಇಸ್ತ್ರಿಪೆಟ್ಟಿಗೆ ಬೇಡಿ ತಂದು ತೀಡಿದೆ. ಬೆಳಿಗ್ಗೆ ಗಡ್ಡ ಹೆರೆದಿದ್ದು ನಾನು. ಬೆನ್ನು ಉಜ್ಜಿದ್ದು ನಾನು. ತೋಳು ತೂರಿಸಿ, ಏಳೂ ಗುಂಡಿ ಹಾಕಿ, ಬೆಲ್ಟು ಬಿಗಿದು, ಬೂಟಿನ ಲೇಸು ಕಟ್ಟಿದ್ದು ನಾನು. ಜೂನ್ ತಿಂಗಳಿಂದ ದಿನಾ ಅದನ್ನು ಮಾಡುತ್ತಿರುವವಳು ನಾನೇ. ಮೂರು ತಿಂಗಳ ಕೂಸು ಒಂದು ಕಡೆ, ಇಪ್ಪತ್ತೊಂಬತ್ತು ವರ್ಷದ ಗಂಡಸು ಇನ್ನೊಂದು ಕಡೆ ಎಂದು ಇಬ್ಬರಿಗೂ ಅಂಗಿ ತೊಡಿಸುತ್ತಾ ಬಂದಿದ್ದೇನೆ. ಕೂಸಿಗೆ ಈಗ ಒಂಬತ್ತು ತಿಂಗಳು. ಅದು ತನ್ನ ತೋಳನ್ನು ತಾನೇ ಚಾಚುವುದನ್ನು ಕಲಿತಿದೆ.

ಹೊರಡುವಾಗ ನನ್ನ ಅತ್ತೆ ಸಾಬವ್ವ ಬಾಗಿಲಲ್ಲಿ ಮಗನನ್ನು ನಿಲ್ಲಿಸಿಕೊಂಡು ಬುದ್ಧಿ ಹೇಳಿದರು. “ತಮ್ಮಾ, ಸಾಯೇಬ್ರ ಮುಂದ ಎಡಗೈ ಚಾಚಬ್ಯಾಡ ನೋಡು. ಏನು ಕೊಟ್ರೂ ಬಲಗೈಲೇ ಇಸ್ಕೊ. ಕೈ ಹ್ಯಾಂಗರೆ ಇರ್ಲಿ, ನಡತಿ ನೆಟ್ಟಗಿರ್ಲಿ.”

“ಬಲಗೈಯಾಗ ನಿಂದ್ರಂಗಿಲ್ಲ ಯವ್ವಾ, ಬಿದ್ದು ಹೋಗ್ತದ.”

“ಬೀಳ್ತದಂದ್ರ ಎಡಗೈ ಕೆಳಗ ಹಿಡಿ. ತೀರ್ಥ ತಗೊಂಡಂಗ.”

ಬಿ.ಎ. ಓದಿದ ಸೊಸೆ ಪಕ್ಕದಲ್ಲೇ ಇದ್ದಳು. ಕೂಸನ್ನು ಸೊಂಟಕ್ಕೇರಿಸಿಕೊಂಡು, “ಅತ್ತಿ ಹೇಳೂದು ಖರೆ ಅದ. ನೆನಪಿಡ್ರಿ” ಎಂದಳು. ರೈಲಿನಲ್ಲೂ ಇನ್ನೊಮ್ಮೆ ನೆನಪಿಸಿದಳು.

ನಿಮ್ಮ ಕೋಣೆಯ ಬಾಗಿಲಲ್ಲಿ ಜವಾನ “ಬಾಯಿ, ಬಾಹೇರ್ ಥಾಂಬಾ” ಎಂದು ನನ್ನನ್ನು ಹೊರಗೇ ನಿಲ್ಲಿಸಿದ. ಪರದೆ ಅರ್ಧ ಸರಿದಿತ್ತು, ಹಾಗಾಗಿ ನಾನು ನೋಡಿದೆ. ನೀವು ತಲೆ ಎತ್ತದೆ, “ಕೈಸೇ ಹೋ?” ಎಂದಿರಿ. ಇವರು, “ಠೀಕ್ ಹೂಂ ಸಾಹೇಬ್” ಎಂದರು. ನಮ್ಮ ಕಡೆ ‘ಹ್ಯಾಂಗಿದ್ದೀರಿ’ ಎಂದರೆ ‘ಆರಾಮ ಇದ್ದೀನ್ರಿ’ ಎನ್ನುತ್ತಾರೆ, ಮಾನ್ಯರೇ. ಮಣ್ಣು ಕೊಟ್ಟು ಬಂದವರೂ ಹಾಗೇ ಎನ್ನುತ್ತಾರೆ. ಅದು ಎದುರಿನವರಿಗೆ ಭಾರ ಹೊರಿಸಬಾರದೆಂಬ ಸೌಜನ್ಯ. ನಿಮ್ಮ ವರದಿಯಲ್ಲಿ ಅದು ಹೀಗಾಗಿದೆ: ‘ತನಗೆ ಯಾವ ತೊಂದರೆಯೂ ಇಲ್ಲವೆಂದು ಸ್ವತಃ ಒಪ್ಪಿಕೊಂಡಿದ್ದಾನೆ.’ ನಿಮ್ಮನ್ನು ಯಾರಾದರೂ ದಾರಿಯಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ನೀವು ನಿಮ್ಮ ಮಂಡಿನೋವು, ಅಜೀರ್ಣ, ಬಿ.ಪಿ. ಎಲ್ಲವನ್ನೂ ಹೇಳುತ್ತೀರಾ?

ಆಮೇಲೆ ಒಂದು ಫಾರಂ ಚಾಚಿದಿರಿ. ಹಣಮಂತ್ರಾಯ ತಾಯಿಯ ಮಾತು ಮರೆಯಲಿಲ್ಲ. ಬಲಗೈಯನ್ನು ಮುಂದೆ ಮಾಡಿ, ಅದರ ಕೆಳಗೆ ಎಡಗೈ ಇಟ್ಟು ಎತ್ತಿ ಹಿಡಿದು, ತಲೆ ಬಗ್ಗಿಸಿ, ಹೆಬ್ಬೆರಳಿಗೂ ಅಂಗೈಗೂ ನಡುವೆ ಆ ಹಾಳೆಯನ್ನು ಸಿಕ್ಕಿಸಿಕೊಂಡು ತೆಗೆದುಕೊಂಡರು. ಪರದೆಯ ಸಂದಿನಿಂದ ನೋಡುತ್ತಿದ್ದ ನನಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆ! ಎಷ್ಟು ಮರ್ಯಾದಸ್ಥ ಗಂಡ ಎಂದುಕೊಂಡೆ. ನೀವು ಅದೇ ಕ್ಷಣ ಪೆನ್ನೆತ್ತಿ ಬರೆದಿರಿ: ‘ಬಲಗೈಯಿಂದ ಕಾಗದವನ್ನು ಯಾವ ಅಡಚಣೆಯೂ ಇಲ್ಲದೆ ಪಡೆದು ಹಿಡಿದುಕೊಂಡನು.’ ಬಲಗೈಯನ್ನು ಹೊತ್ತಿದ್ದ ಎಡಗೈ ನಿಮಗೆ ಕಾಣಲಿಲ್ಲ. ‘ಅಚ್ಚುಕಟ್ಟಾದ ಉಡುಪು; ಗುಂಡಿ, ಲೇಸುಗಳನ್ನು ತಾನೇ ಹಾಕಿಕೊಳ್ಳಬಲ್ಲನು’ ಎಂದೂ ಬರೆದಿರಿ. ತಾನೇ ಎಂದು ನಿಮಗೆ ಹೇಳಿದವರು ಯಾರು? ಕೇಳಿದ್ದರೆ ಅವರು ನಾಚಿಕೊಂಡಾದರೂ ನಿಜ ಹೇಳುತ್ತಿದ್ದರು. ಕೂಗಿದ್ದರೆ ನಾನು ಪರದೆಯ ಆಚೆಯಿಂದಲೇ ಉತ್ತರಿಸುತ್ತಿದ್ದೆ. ಒಂದು ಅಂಗಿಗೆ ಎಷ್ಟು ಕೈಗಳು ಬೇಕಾಗುತ್ತವೆ ಎಂದು ನಿಮ್ಮ ಮನೆಯಲ್ಲಿ ನಿಮಗೆಂದೂ ಗೊತ್ತಾಗಲಿಲ್ಲವೇ?

ಕೊನೆಗೆ ಸಹಿ ಬೇಕಾಯಿತು. ಇವರು ಪೆನ್ನಿನ ಕಡೆ ನೋಡಿದರು, ತಮ್ಮ ಕೈಯ ಕಡೆ ನೋಡಿದರು, ತಡವರಿಸಿದರು. ಜವಾನನಿಗೆ ಅವಸರ. “ಅರೇ, ಅಂಗಠಾ ಲಗಾ ದೋ” ಎಂದವನೇ ಮಸಿಯ ಪ್ಯಾಡು ತಂದು ಅವರ ಎಡಗೈ ಹೆಬ್ಬೆಟ್ಟನ್ನು ಒತ್ತಿಸಿಕೊಂಡ. ಆ ಹೆಬ್ಬೆಟ್ಟು ನಿಮ್ಮ ವರದಿಯ ಬುಡದಲ್ಲೇ ಇದೆ, ತೆಗೆದು ನೋಡಿ. ಎಸ್ಸೆಸ್ಸೆಲ್ಸಿ ಪಾಸಾದವರು, ಆರು ವರ್ಷ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ದಿನಾ ಸಹಿ ಮಾಡಿದವರು, ನಿಮ್ಮ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿ ಬಂದಿದ್ದಾರೆ. ಬಲಗೈ ಪೂರ್ತಿ ಯೋಗ್ಯ ಎಂದು ಮೇಲೆ ನಿಮ್ಮ ಸಹಿ. ಪೆನ್ನು ಹಿಡಿಯಲಾಗದು ಎಂದು ಕೆಳಗೆ ಅವರ ಹೆಬ್ಬೆಟ್ಟು. ನಡುವೆ ನಾಲ್ಕು ಬೆರಳಿನಷ್ಟು ಜಾಗವಿದೆ. ಅಷ್ಟು ಜಾಗ ದಾಟುವಾಗ ನಿಮ್ಮಲ್ಲಿ ಒಂದು ಪ್ರಶ್ನೆಯೂ ಏಳಲಿಲ್ಲ. ಕೂಲಿಯವನಲ್ಲವೇ, ಹೆಬ್ಬೆಟ್ಟೇ ಇರಬೇಕು ಎಂದು ಮುಂದಿನವರನ್ನು ಕರೆದಿರಿ.

ವರದಿ ಕೈಗೆ ಬಂದ ಸಂಜೆ ಇವರ ಜೊತೆ ಕೆಲಸ ಮಾಡುವ ಜೈಭೀಮ ನಮ್ಮ ಖೋಲಿಗೆ ಬಂದ. ನಾನು ಡಿಕ್ಷನರಿ ಇಟ್ಟುಕೊಂಡು ಓದಿ ಹೇಳಿದೆ. ಕೇಳಿ ಅವನು ಮೊದಲು ನಕ್ಕ. ಆಮೇಲೆ ತಲೆ ಚಚ್ಚಿಕೊಂಡ.

“ಅಲ್ರಿ ವೈನಿ, ಮದಿಮಗನ ಹಂಗ ಸಿಂಗಾರ ಮಾಡಿ ಕಳಿಸೀರಿ. ಡಾಕ್ಟರ್ ಮತ್ತೇನ್ ಬರೀಬೇಕ್ರಿ? ಬಾಸಿಂಗ ಕಟ್ಟಿಲ್ಲ, ಅದೊಂದು ಪುಣ್ಯ!”

“ಮತ್ತ ಹ್ಯಾಂಗ ಕಳಿಸಬೇಕಿತ್ತು?”

“ಎಂಟು ದಿನ ಗಡ್ಡ ಬಿಡಬೇಕು. ಹರಕ ಅಂಗಿ ಹಾಕಬೇಕು. ಅಂವ ಕೈ ಮುಟ್ಟೂದಕ್ಕಿಂತ ಮೊದಲ ಸತ್ತೆನೋ ಯಪ್ಪಾ ಅಂತ ಒದರಬೇಕು. ಅಲ್ಲಿ ಹೋಗೂದಂದ್ರ ಹಂಗ.”

ಇವರು ಮೂಲೆಯಲ್ಲಿ ಕುಳಿತವರು ಮೆಲ್ಲಗೆ, “ನನಗ ಸುಳ್ಳ ಒದರಾಕ ಬರಂಗಿಲ್ಲೋ. ಖರೇನೇ ಮಷೀನದಾಗ ಸಿಕ್ಕಾಗೂ ಒದರಿಲ್ಲ ನಾ” ಎಂದರು.

“ಹಂಗಾದ್ರ ಹೋಗು. ಇನ್ನೊಂದು ಕೈನೂ ಕೊಟ್ಟು ಬಾ” ಎಂದ ಜೈಭೀಮ. ಅವನ ಕಣ್ಣಲ್ಲಿ ನೀರಿತ್ತು.

ಇದು ನಿಮ್ಮ ಕಚೇರಿ ರಬಾಳೆಯಿಂದ ಉಲ್ಹಾಸನಗರದವರೆಗೆ ಕೂಲಿಕಾರರಿಗೆ ಕಲಿಸಿರುವ ವಿದ್ಯೆ. ಸುಳ್ಳು ಹೇಳಿದರೆ ಹಿಡಿಯುತ್ತೀರಿ ಎಂಬ ಭಯ ಯಾರಿಗೂ ಇಲ್ಲ. ನಿಜ ಹೇಳಿದರೆ ಕೆಟ್ಟೆವು ಎಂಬ ಭಯ ಎಲ್ಲರಿಗೂ ಇದೆ. ಮರ್ಯಾದಸ್ಥನಾಗಿ ಬಂದವನನ್ನು ಆರೋಗ್ಯವಂತ ಎನ್ನುತ್ತೀರಿ. ಕೂಗಾಡಿದವನದು ನಾಟಕ ಎನ್ನುತ್ತೀರಿ. ಹಾಗಾದರೆ ನಿಜವಾಗಿ ನೊಂದವನು ಯಾವ ಮುಖ ಹಾಕಿಕೊಂಡು ನಿಮ್ಮೆದುರು ನಿಲ್ಲಬೇಕು? ಅದನ್ನಾದರೂ ಒಂದು ಸುತ್ತೋಲೆ ಹೊರಡಿಸಿ ತಿಳಿಸಿ, ಅಭ್ಯಾಸ ಮಾಡಿಸಿ ಕಳಿಸುತ್ತೇವೆ.

ಮತ್ತೆ ಆ ‘ಸ್ವತಂತ್ರ’ ಎಂಬ ಪದ. ಕಾರ್ಖಾನೆಗೆ ವಿಮೆ ಕೊಟ್ಟ ಕಚೇರಿಯೇ ನಿಮ್ಮನ್ನು ಆರಿಸುತ್ತದೆ, ಕೋಣೆ ಕೊಡುತ್ತದೆ, ಜವಾನನನ್ನು ಕೊಡುತ್ತದೆ, ಫೀಸನ್ನೂ ಕೊಡುತ್ತದೆ. ಇಷ್ಟಾದ ಮೇಲೂ ನೀವು ಸ್ವತಂತ್ರರಂತೆ. ಯಾವುದರಿಂದ? ಆಸ್ಪತ್ರೆಯ ಕಾಗದ ಓದುವ ಹೊಣೆಯಿಂದಲೇ? ರೋಗಿಯ ಕೈ ಮುಟ್ಟುವ ಕಷ್ಟದಿಂದಲೇ? ಹೊಸ ಪಾತ್ರೆ ಕೊಳ್ಳುವಾಗಲೂ ನಮ್ಮತ್ತೆ ಬೆರಳಿನಿಂದ ಬಾರಿಸಿ ನೋಡುತ್ತಾರೆ. ಒಂದು ಬದನೆಕಾಯಿಯನ್ನು ಒತ್ತಿ ನೋಡದೆ ಯಾರೂ ಚೀಲಕ್ಕೆ ಹಾಕುವುದಿಲ್ಲ. ನೀವು ಒಬ್ಬ ಮನುಷ್ಯನ ಕೈಯನ್ನು ಮೇಜಿನ ಆಚೆಯಿಂದ ನೋಡಿ ಪಾಸು ಮಾಡಿದಿರಿ.

ಮುಟ್ಟಿದ್ದರೆ ಏನು ಗೊತ್ತಾಗುತ್ತಿತ್ತು ಎಂದು ಕೇಳಬಹುದು. ಹೇಳುತ್ತೇನೆ. ನಿಮ್ಮ ಪರೀಕ್ಷೆ ಮಾಡದೆ ಬಿಟ್ಟದ್ದನ್ನು ನಮ್ಮ ಬಚ್ಚಲು ಕಳೆದ ಭಾನುವಾರ ಬೆಳಿಗ್ಗೆ ಮಾಡಿ ತೋರಿಸಿತು.

ಕೂಸಿಗೆ ದಿನಾ ನೀರು ಹಾಕುವವರು ನನ್ನ ಅತ್ತೆ. ಅಂದು ಅವರಿಗೆ ಜ್ವರ, ಕಂಬಳಿ ಹೊದ್ದು ಮಲಗಿದ್ದರು. ನಾನು ನೀರು ಕಾಯಿಸಿ ಕೂಸನ್ನು ಕೂರಿಸುವ ತಗಡಿನ ಬುಟ್ಟಿಗೆ ಸುರಿದು, ಕೂಸಿನ ಬಟ್ಟೆ ಬಿಚ್ಚುತ್ತಾ, “ಸ್ವಲ್ಪ ತಣ್ಣೀರು ಬೆರೆಸಿ ಹದ ನೋಡ್ರಿ” ಎಂದು ಇವರಿಗೆ ಹೇಳಿದೆ. ತಮ್ಮಿಂದ ಒಂದು ಕೆಲಸವಾಗುತ್ತದಲ್ಲ ಎಂದು ಅವರು ಖುಷಿಯಿಂದ ಎದ್ದರು. ಎಡಗೈಯಲ್ಲಿ ಚೊಂಬು ಹಿಡಿದು ತಣ್ಣೀರು ಬಿಟ್ಟರು. ಬಲಗೈಯ ತೋರುಬೆರಳು, ನಡುಬೆರಳುಗಳನ್ನು ಬುಟ್ಟಿಯಲ್ಲಿ ಅದ್ದಿ, ಮುಖದಲ್ಲಿ ಏನೂ ಬದಲಾಗದೆ, “ಹದ ಅದ, ತಾ ಕೂಸಿನ್ನ” ಎಂದರು.

ನಾನು ಕೂಸನ್ನು ಎತ್ತಿ ತಂದೆ. ಬುಟ್ಟಿಯ ಅಂಚಿಗೆ ಬಾಗಿದೆ. ಅದರ ಹಿಮ್ಮಡಿ ನೀರಿನಿಂದ ಒಂದು ಗೇಣು ಮೇಲಿತ್ತು. ಆಗ ನನ್ನ ಸೆರಗು ಜಾರಿ ನೀರಿಗೆ ಬಿತ್ತು. ಹಿಂಡಲೆಂದು ಹಿಡಿದವಳು ಚೀರಿಬಿಟ್ಟೆ. ಅದು ಅಕ್ಕಿ ಬೇಯುವ ನೀರು. ನನ್ನ ಚೀರಾಟಕ್ಕೆ ಕೂಸು ಅಳತೊಡಗಿತು, ಅತ್ತೆ ಜ್ವರದಲ್ಲೇ ಎದ್ದು ಬಂದರು. ಇವರು ಮಾತ್ರ ಏನಾಯಿತೆಂದು ತಿಳಿಯದೆ, ಆ ಬೆರಳುಗಳನ್ನು ಇನ್ನೂ ಬುಟ್ಟಿಯಲ್ಲೇ ಇಟ್ಟುಕೊಂಡು, ನಮ್ಮೆಲ್ಲರ ಮುಖ ನೋಡುತ್ತಿದ್ದರು.

ಸಂಜೆಗೆ ಆ ಎರಡು ಬೆರಳುಗಳ ಮೇಲೆ ಬೊಬ್ಬೆ ಎದ್ದವು. ಎದ್ದಿವೆ ಎಂದು ಅವರಿಗೆ ಹೇಳಿದವಳೂ ನಾನೇ. ಅಂದಿನಿಂದ ಅವರು ಕೂಸನ್ನು ಮುಟ್ಟಿಲ್ಲ. ಅದು ಅಂಬೆಗಾಲಿಟ್ಟು ಹತ್ತಿರ ಬಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತಾರೆ.

ಕುದಿನೀರು ತಿಳಿಯದ ಆ ಕೈಯನ್ನೇ ನೀವು ನಿಮಿಷಕ್ಕೆ ನಲವತ್ತು ಸಲ ಇಳಿಯುವ ಕಬ್ಬಿಣದ ಕೆಳಗೆ ಕಳಿಸುತ್ತಿದ್ದೀರಿ. ತಗಡನ್ನು ಇಟ್ಟ ಮೇಲೆ ಬೆರಳು ಹೊರಗೆ ಬಂದಿದೆಯೋ ಇಲ್ಲವೋ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನೋಡಿಯೇ ತಿಳಿಯಬೇಕು. ಎಂಟು ಗಂಟೆಯ ಪಾಳಿಯಲ್ಲಿ ಒಂದು ಸಲ ಕಣ್ಣು ಆಚೀಚೆ ಆಗದೆ ಇರುತ್ತದೆಯೇ? ನನಗೆ ನಿದ್ದೆ ಬಂದು ಎಷ್ಟು ದಿನವಾಯಿತೋ ಲೆಕ್ಕವಿಲ್ಲ. ಕಣ್ಣು ಮುಚ್ಚಿದರೆ ಆ ಮಷೀನು ಇಳಿಯುತ್ತದೆ. ನಿಮಗೆ ನಿದ್ದೆ ಚೆನ್ನಾಗಿ ಬರುತ್ತಿರಬೇಕು. ವರದಿಯ ಅಕ್ಷರಗಳು ಅಷ್ಟು ನಿರಾಳವಾಗಿವೆ.

ನಾನು ಬೇಡುವುದು ದಯೆಯಲ್ಲ. ಡಿಸೆಂಬರ್ ೨೩ಕ್ಕೆ ಮೊದಲು ಹಣಮಂತ್ರಾಯ ಅವರನ್ನು ಮತ್ತೊಮ್ಮೆ ಕರೆಯಿರಿ, ಅಲ್ಲಿಯವರೆಗೆ ‘ಯೋಗ್ಯ’ ಎಂಬ ಮಾತನ್ನು ತಡೆಹಿಡಿದಿರುವುದಾಗಿ ಕಾರ್ಖಾನೆಗೆ ಲಿಖಿತವಾಗಿ ತಿಳಿಸಿ. ಈ ಸಲ ಆಸ್ಪತ್ರೆಯ ಕಾಗದಗಳನ್ನು ಓದಿ. ಕೈಯನ್ನು ಕೈಯಲ್ಲಿ ಹಿಡಿದು ನೋಡಿ. ಅವರ ಕಣ್ಣು ಮುಚ್ಚಿಸಿ ಹತ್ತಿಯಿಂದ ಮುಟ್ಟಿ, ಸೂಜಿಯಿಂದ ಚುಚ್ಚಿ, ಎಲ್ಲಿ ತಿಳಿಯಿತು ಎಲ್ಲಿ ಇಲ್ಲ ಎಂದು ಬರೆದುಕೊಳ್ಳಿ. ‘ಕೈಸೇ ಹೋ’ ಎಂದು ಕೇಳಬೇಡಿ. ಏನು ಮಾಡಲಾಗುವುದಿಲ್ಲ ಎಂದು ಕೇಳಿ, ಕನ್ನಡ ಬಲ್ಲವರೊಬ್ಬರನ್ನು ಕೂರಿಸಿಕೊಂಡು ಕೇಳಿ. ನನ್ನನ್ನು ಪರದೆಯ ಹೊರಗೆ ನಿಲ್ಲಿಸಬೇಡಿ. ನಾನು ಬಾಯಿ ಹಾಕುವುದಿಲ್ಲ, ನೋಡುತ್ತೇನೆ ಅಷ್ಟೆ.

ನಾವೂ ತಯಾರಾಗಿಯೇ ಬರುತ್ತೇವೆ. ಜೈಭೀಮ ಹೇಳಿದಂತೆ ಅಲ್ಲ. ಗಡ್ಡ ಹೆರೆದೇ ಕಳಿಸುತ್ತೇನೆ, ಅಂಗಿಗೆ ಇಸ್ತ್ರಿಯನ್ನೂ ಮಾಡುತ್ತೇನೆ. ಹರಕು ಅಂಗಿ ಹಾಕಿಸಿ ನನ್ನ ಗಂಡನನ್ನು ನಿಮ್ಮೆದುರು ಭಿಕ್ಷುಕನನ್ನಾಗಿ ನಿಲ್ಲಿಸಲಾರೆ. ಆದರೆ ಗುಂಡಿ ಮಾತ್ರ ಹಾಕುವುದಿಲ್ಲ. ನಿಮ್ಮೆದುರಿಗೇ ಅವರು ಹಾಕಿಕೊಳ್ಳಲಿ, ನೀವು ಗಡಿಯಾರ ನೋಡುತ್ತಾ ಕುಳಿತಿರಿ. ಮೊದಲನೆಯ ಗುಂಡಿ ಮುಗಿಯುವುದರೊಳಗೆ ನಿಮ್ಮ ನಾಲ್ಕು ನಿಮಿಷ ಮುಗಿದಿರುತ್ತದೆ.

ಇನ್ನೊಂದು ಮಾತು. ಬೊಬ್ಬೆ ಎದ್ದ ಆ ಸಂಜೆ ನನ್ನ ಅತ್ತೆ ಮಗನ ಎದುರು ತಟ್ಟೆ ಇಟ್ಟುಕೊಂಡು ಕುಳಿತರು. ಚಿಕ್ಕಂದಿನಲ್ಲಿ ಎಡಗೈ ತಟ್ಟೆಗೆ ತಾಕಿದರೆ ಅದರ ಮೇಲೆ ಹೊಡೆಯುತ್ತಿದ್ದ ತಾಯಿ ಅವರು. ಐದು ತಿಂಗಳಿಂದ ತುತ್ತು ಮಾಡಿ ತಾವೇ ಉಣಿಸುತ್ತಿದ್ದರೇ ಹೊರತು ಎಡಗೈಯಲ್ಲಿ ಉಣ್ಣಲು ಬಿಟ್ಟಿರಲಿಲ್ಲ. ಅಂದು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮಗನ ಎಡಗೈ ಹಿಡಿದೆಳೆದು ಅದರಲ್ಲಿಟ್ಟರು. “ಉಣ್ಣೋ ತಮ್ಮಾ. ಇನ್ನ ಇದೇ ನಿನ್ನ ಬಲಗೈ” ಎಂದು ಮುಖ ಆಚೆ ತಿರುಗಿಸಿದರು.

ಆದ್ದರಿಂದ ಮುಂದಿನ ಸಲ ನೀವು ಫಾರಂ ಚಾಚಿದಾಗ ನನ್ನ ಗಂಡ ಅದನ್ನು ಎಡಗೈಯಲ್ಲಿ ತೆಗೆದುಕೊಳ್ಳುತ್ತಾರೆ. ಅವರ ತಾಯಿಯೇ ಹಾಗೆ ಹೇಳಿ ಕಳಿಸುತ್ತಾರೆ. ಹಿರಿಯರೊಬ್ಬರ ಎದುರು ನಮ್ಮ ಮನೆಯವರು ಎಡಗೈ ಚಾಚುವುದು ಅದೇ ಮೊದಲು. ಅದನ್ನೂ ಬರೆದುಕೊಳ್ಳಿ, ಮಾನ್ಯರೇ. ಬೇರೆ ಏನನ್ನು ಬಿಟ್ಟರೂ ಅದನ್ನು ಬಿಡಬೇಡಿ.

ಇಂತಿ,
ನಿಮ್ಮ ವರದಿಯ ‘ತಾನೇ’ ಎಂಬ ಪದದ ಹಿಂದೆ ಕೂಸನ್ನೆತ್ತಿಕೊಂಡು ನಿಂತಿರುವ,
ಭಾಗ್ಯಾ ಹಣಮಂತ್ರಾಯ